ಇಂದಿನ ಚಿಂತನೆ: ಬಾಬಾಸಾಹೇಬರ ಫೀಸು ಕಟ್ಟಿದವರು ಯಾರು?

 

ಪಿಯುಸಿ ಫಲಿತಾಂಶ ಬಂದಾಗಿನಿಂದ ನಮ್ಮ ಬಳಗದ ತಂದೆತಾಯಿಗಳು ನನ್ನನ್ನು ಕೇಳುತ್ತಿರುವುದು ಒಂದೇ ಮಾತು. ಮಗುವಿಗೆ ಸೀಟು ಸಿಕ್ಕಿದೆ, ದುಡ್ಡಿಗೆ ಏನು ಮಾಡುವುದು? ಕೆಲವರಿಗೆ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಸಂಕೋಚ, ಯಾರ ಮುಂದೆಯೋ ಕೈಚಾಚಿದ ಹಾಗೆ. ಅದಕ್ಕೇ ಇಂದು ಬಾಬಾಸಾಹೇಬರ ಬದುಕನ್ನು ಈ ಒಂದೇ ಪ್ರಶ್ನೆ ಇಟ್ಟುಕೊಂಡು ನೆನೆಯುತ್ತಿದ್ದೇನೆ.

ಮೊದಲು ಕಟ್ಟಿದವರು ಮನೆಯವರು. ಸೈನ್ಯದಿಂದ ನಿವೃತ್ತರಾದ ತಂದೆ ರಾಮಜಿ ಸಕ್ಪಾಲರಿಗೆ ಬರುತ್ತಿದ್ದುದು ಪಿಂಚಣಿ ಮಾತ್ರ. ಮಗ ಪುಸ್ತಕ ಕೇಳಿದಾಗ ಕೈಯಲ್ಲಿ ಕಾಸಿರದಿದ್ದರೆ, ಮದುವೆಯಾದ ಹೆಣ್ಣುಮಕ್ಕಳ ಹತ್ತಿರ ಒಡವೆ ಕೇಳಿ ತಂದು ಅಡವಿಡುತ್ತಿದ್ದರು. ಪಿಂಚಣಿ ಬಂದ ಮೇಲೆ ಬಿಡಿಸಿಕೊಡುತ್ತಿದ್ದರು. ಮುಂಬಯಿಯ ಪರೇಲ್‌ನ ಒಂದೇ ಕೋಣೆಯಲ್ಲಿ, ಮಗನನ್ನು ಓದಲು ಎಬ್ಬಿಸುವುದಕ್ಕಾಗಿ ನಡುರಾತ್ರಿಯವರೆಗೆ ತಾವೇ ಎಚ್ಚರವಿರುತ್ತಿದ್ದರು.

1907ರಲ್ಲಿ ಮೆಟ್ರಿಕ್ ಪಾಸಾಯಿತು. ಮುಂದೆ ಕಾಲೇಜಿನ ಖರ್ಚು ರಾಮಜಿಯವರ ಶಕ್ತಿ ಮೀರಿತು. ಆಗ ಕೈಹಿಡಿದವರು ಕೃಷ್ಣಾಜಿ ಕೆಳೂಸ್ಕರ್ ಗುರೂಜಿ. ತಾವು ಬರೆದ ಬುದ್ಧಚರಿತ್ರೆಯನ್ನು ಬಾಲಕ ಭೀಮನಿಗೆ ಕೊಟ್ಟವರೂ ಇವರೇ. ಅವರು ಬರೋಡಾದ ಮಹಾರಾಜ ಸಯ್ಯಾಜಿರಾವ್ ಗಾಯಕವಾಡರ ಮುಂದೆ ವಿಷಯವಿಟ್ಟರು. ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಮಂಜೂರಾಯಿತು.

1913ರ ಫೆಬ್ರವರಿಯಲ್ಲಿ ರಾಮಜಿ ತೀರಿಕೊಂಡರು. ಅದೇ ವರ್ಷ ಬರೋಡಾ ಸಂಸ್ಥಾನ ಬಾಬಾಸಾಹೇಬರನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಮುಗಿಸಿ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿಗೆ ಸಹಿ ಹಾಕಿ ಹೋದರು. ಅಲ್ಲಿಂದ ಲಂಡನ್ ಸೇರಿದರು. ಆದರೆ 1917ರಲ್ಲಿ ವೇತನದ ಅವಧಿ ಮುಗಿಯಿತು, ಓದು ಅರ್ಧಕ್ಕೆ ನಿಂತಿತು. ಊರಿಗೆ ಮರಳಬೇಕಾಯಿತು.

ಅವರು ಅಲ್ಲಿಗೇ ಬಿಡಲಿಲ್ಲ. ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಸಂಬಳದಲ್ಲಿ ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. ಪಾರ್ಸಿ ಗೆಳೆಯ ನವಲ್ ಭತೇನಾ 5000 ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್‌ಗೆ ಹೋದರು. ಇತ್ತ ಮಾತೆ ರಮಾಬಾಯಿ ಕೊರತೆಯಲ್ಲೇ ಸಂಸಾರ ತೂಗಿಸಿದರು. 1923ರಲ್ಲಿ ಡಿಎಸ್ಸಿ ಪದವಿ ಕೈಗೆ ಬಂತು.

ಇಷ್ಟು ಕಷ್ಟಪಟ್ಟು ಓದಿದವರು ಅಧಿಕಾರ ಬಂದಾಗ ಏನು ಮಾಡಿದರು? 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾದರು. ನಮ್ಮ ಮಕ್ಕಳ ಉನ್ನತ ಶಿಕ್ಷಣಕ್ಕೆ ಸರ್ಕಾರವೇ ಹಣ ತೆಗೆದಿಡಬೇಕೆಂದು ಪಟ್ಟು ಹಿಡಿದರು. 1944ರಲ್ಲಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ರಾಜರ ಮನಸ್ಸಿನ ಮೇಲೆ ನಿಂತಿದ್ದದ್ದು ಸರ್ಕಾರದ ಕರ್ತವ್ಯವಾಯಿತು. 1946ರಲ್ಲಿ ಮುಂಬಯಿಯಲ್ಲಿ ತಾವೇ ಕಾಲೇಜು ತೆರೆದು ಸಿದ್ಧಾರ್ಥನ ಹೆಸರಿಟ್ಟರು.

ಹಾಗಾಗಿ ನಾನು ಆ ತಂದೆತಾಯಿಗಳಿಗೆ ಹೇಳುವುದಿಷ್ಟೇ. ಸ್ಕಾಲರ್‌ಶಿಪ್ ಭಿಕ್ಷೆಯಲ್ಲ. ಅದು ನಮಗಾಗಿ ಬಾಬಾಸಾಹೇಬರು ಗಳಿಸಿಟ್ಟ ಹಕ್ಕು. ಬೌದ್ಧರೆಂದು ಬರೆಸಿದರೆ ಅದು ಕೈತಪ್ಪುತ್ತದೆ ಎಂಬ ಭಯವೂ ಬೇಡ. ಪರಿಶಿಷ್ಟ ಜಾತಿಯಿಂದ ಧಮ್ಮಕ್ಕೆ ಬಂದವರಿಗೂ ಆ ಸ್ಥಾನಮಾನವಿದೆ ಎಂದು 1990ರ ಕಾನೂನು ತಿದ್ದುಪಡಿ ಸ್ಪಷ್ಟಪಡಿಸಿದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ನೋಡಿ. ಕೊನೆಯ ದಿನಾಂಕಕ್ಕೆ ಕಾಯಬೇಡಿ.

ಇನ್ನೊಂದು ಮಾತು. ವಿದ್ಯಾರ್ಥಿವೇತನ ಬಾಬಾಸಾಹೇಬರಿಗೂ ಪೂರ್ತಿ ಸಾಲಲಿಲ್ಲ. ಉಳಿದದ್ದನ್ನು ತುಂಬಿದ್ದು ಅಕ್ಕಂದಿರ ಒಡವೆ, ಗುರುವಿನ ಮಾತು, ಗೆಳೆಯನ ಸಾಲ. ನಮ್ಮ ಬಳಗದಲ್ಲಿ ಓದಿ ಕೆಲಸ ಹಿಡಿದವರು ಒಂದೊಂದು ಮಗುವಿನ ಪುಸ್ತಕದ ಖರ್ಚು ಹೊತ್ತರೂ ಅದೇ ದಾನ ಪಾರಮಿ.

ಸೀಟು ಸಿಕ್ಕ ಮಕ್ಕಳಿರುವ ಮನೆಗಳಿಗೆ ಇದನ್ನು ತಲುಪಿಸಿ.

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.