ಬರಿಗಾಲಲ್ಲಿ ನಡೆದು ಬಂದ ಗುರು: ಸಂತ ಜೋಸೆಫ್ ವಾಜ್

ಮಂಗಳೂರಿನ ಸಮೀಪದ ಮುಡಿಪು ಗುಡ್ಡಕ್ಕೆ ಹರಕೆ ಹೊತ್ತು ಹೋಗುವ ನಮ್ಮಲ್ಲಿ ಅನೇಕರಿಗೆ ಸಂತ ಜೋಸೆಫ್ ವಾಜರು ಗೊತ್ತಿರುವುದು ಅಲ್ಲಿನ ಮೂರು ಒರತೆಗಳಿಂದ. ಅವರು ಈ ಸೀಮೆಗೆ ಏಕೆ ಬಂದರು, ಇಲ್ಲಿಂದ ಎಲ್ಲಿಗೆ ನಡೆದರು ಎಂಬುದು ಅಷ್ಟಾಗಿ ಪರಿಚಿತವಲ್ಲ.

1651ರ ಎಪ್ರಿಲ್ 21ರಂದು ಗೋವೆಯ ಬೆಣಾವಲಿಯಲ್ಲಿ, ತಾಯಿಯ ಊರಿನಲ್ಲಿ, ಅವರು ಹುಟ್ಟಿದರು. ತಂದೆಯ ಊರು ಸಾಂಕ್ವಾಳ. 1676ರಲ್ಲಿ ಗುರುದೀಕ್ಷೆ ಪಡೆದ ಮೇಲೆ, ಬಡವರಂತೆಯೇ ಬಾಳಬೇಕೆಂದು ಬರಿಗಾಲಲ್ಲಿ ನಡೆಯತೊಡಗಿದರು. ಕೊನೆಯವರೆಗೂ ಇದೇ ಅವರ ರೂಢಿಯಾಯಿತು.

1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಆಗ ಈ ಕರಾವಳಿಯನ್ನು ಆಳುತ್ತಿದ್ದವಳು ಕೆಳದಿಯ ರಾಣಿ ಚೆನ್ನಮ್ಮ. ಪೋರ್ಚುಗೀಸರು ಕೋಟೆಗಳನ್ನು ಕಳೆದುಕೊಂಡ ಮೇಲೆ ಇಲ್ಲಿನ ಕ್ರೈಸ್ತರಿಗೆ ಗುರುಗಳ ಕೊರತೆಯಿತ್ತು. ಸಾಲದ್ದಕ್ಕೆ, ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರವೇ ಅಥವಾ ರೋಮಿನಿಂದ ನೇಮಕಗೊಂಡ ಬಿಷಪ್ ತೋಮಸ್ ದೆ ಕಾಸ್ತ್ರೊರವರದೇ ಎಂಬ ವಿವಾದದಲ್ಲಿ ಭಕ್ತರು ಎರಡು ಪಂಗಡವಾಗಿದ್ದರು. ವಾಜರು ಗೋವೆಯ ಕಡೆಯಿಂದ ಬಂದವರು. ಆದರೂ ಜಗಳಕ್ಕೆ ತುಪ್ಪ ಸುರಿಯದೆ, ಬಿಷಪರನ್ನು ಕಂಡು ಮಾತಾಡಿ, ಸಮಾಧಾನದ ದಾರಿ ಹುಡುಕಿದರು. ನನ್ನ ಮಟ್ಟಿಗೆ ಒರತೆಗಳ ಪವಾಡಕ್ಕಿಂತ ಇದೇ ದೊಡ್ಡದು. ರೋಗಿಯೊಬ್ಬನಿಗೆ ಅಂತಿಮ ಸಂಸ್ಕಾರ ನೀಡಬೇಕೆಂಬ ನೆಪದಲ್ಲಿ ವೈರಿಗಳು ರಾತ್ರಿ ಅವರನ್ನು ಮುಡಿಪು ಗುಡ್ಡಕ್ಕೆ ಕರೆದೊಯ್ದರೆಂದೂ, ಅವರು ಊರುಗೋಲನ್ನು ನೆಲಕ್ಕೆ ತಾಗಿಸಿದಾಗ ನೀರು ಚಿಮ್ಮಿತೆಂದೂ ಹಿರಿಯರು ಹೇಳುತ್ತಾ ಬಂದಿದ್ದಾರೆ.

ಧಾರವಾಡ ಸೀಮೆಯ ಸಂಶಿ, ಕುಂದಗೋಳಗಳ ಕಡೆಯವರಿಗೂ ಕಾಲ್ನಡಿಗೆಯ ಹರಕೆ ಹೊಸತಲ್ಲ. ಸವದತ್ತಿಯ ಗುಡ್ಡಕ್ಕೆ, ಉಳವಿಗೆ ಆ ನಾಡಿನ ಜನ ನಡೆದೂ ಗಾಡಿ ಕಟ್ಟಿಯೂ ಹೋಗುತ್ತಾರೆ. ಯಾತ್ರಿಕರು ಪುಣ್ಯಕ್ಷೇತ್ರಕ್ಕೆ ನಡೆಯುವುದು ವಾಡಿಕೆ. ವಾಜರ ನಡಿಗೆ ಇದಕ್ಕೆ ತಿರುವುಮುರುವು: ಸಂಸ್ಕಾರಗಳೇ ಇಲ್ಲದವರ ಮನೆಬಾಗಿಲಿಗೆ ಅವರೇ ಸಂಸ್ಕಾರಗಳನ್ನು ಹೊತ್ತು ನಡೆದರು.

1684ರಲ್ಲಿ ಗೋವೆಗೆ ಮರಳಿ, ಮರುವರ್ಷ ಅಲ್ಲಿನ ಓರೆಟೊರಿಯ ಗುರುಗಳ ಸಂಘವನ್ನು ಸೇರಿದ ಅವರು 1686ರಲ್ಲಿ ಮತ್ತೆ ದಕ್ಷಿಣಕ್ಕೆ ಹೊರಟರು. ಜೊತೆಗಿದ್ದವನು ಜುವಾಂವ್ ಎಂಬ ಸೇವಕ. ಡಚ್ಚರ ಕೈಯಲ್ಲಿದ್ದ ಸಿಲೋನಿನಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ತೂತ್ತುಕುಡಿಯಿಂದ 1687ರಲ್ಲಿ ದೋಣಿಯೇರಿ, ಬಡ ಕೂಲಿಯ ವೇಷದಲ್ಲಿ ದ್ವೀಪ ಮುಟ್ಟಿದಾಗ ಅವರು ಆಮಶಂಕೆಯಿಂದ ಸಾಯುವಂತಿದ್ದರು.

ಚೇತರಿಸಿಕೊಂಡ ಮೇಲೆ ಜಾಫ್ನಾದ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಾ ಮನೆಯಿಂದ ಮನೆಗೆ ಹೋದರು. ಕೊರಳಲ್ಲಿ ಕಾಣುವಂತೆ ಜಪಸರ. ಅದನ್ನು ಕಂಡು ಯಾರ ಮುಖಭಾವ ಬದಲಾಗುತ್ತದೋ ಅವರು ಗುಟ್ಟಾಗಿ ವಿಶ್ವಾಸ ಉಳಿಸಿಕೊಂಡವರೆಂದು ತಿಳಿಯುತ್ತಿತ್ತು! ಸಿಕ್ಕಿಬಿದ್ದರೆ ಗುರುವಿಗೂ ಆಶ್ರಯ ಕೊಟ್ಟವರಿಗೂ ಶಿಕ್ಷೆ. ಆದ್ದರಿಂದ ಬಲಿಪೂಜೆಯೂ ಪಾಪನಿವೇದನೆಯೂ ರಾತ್ರಿಯಲ್ಲೇ ನಡೆಯುತ್ತಿದ್ದವು.

1692ರಲ್ಲಿ ಬೌದ್ಧ ಅರಸನ ರಾಜಧಾನಿ ಕ್ಯಾಂಡಿಗೆ ಬಂದಾಗ ಪೋರ್ಚುಗೀಸ್ ಗೂಢಚಾರನೆಂದು ಅವರನ್ನು ಬಂಧಿಸಲಾಯಿತು. ಮುಂದೆ ಅದೇ ಅರಸ, ಎರಡನೇ ವಿಮಲಧರ್ಮಸೂರ್ಯ, ಅವರಿಗೆ ಸ್ವಾತಂತ್ರ್ಯ ಕೊಟ್ಟನು. 1697ರ ಸಿಡುಬಿನಲ್ಲಿ ಊರ ಜನ ರೋಗಿಗಳನ್ನು ಬಿಟ್ಟು ಓಡಿದಾಗ ವಾಜರೂ, ಸೋದರಳಿಯ ಗುರು ಜೋಸೆಫ್ ಕರ್ವಾಲೊರವರೂ ಜಾತಿಮತ ನೋಡದೆ ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. ಬಿಷಪ್ ಪದವಿಯ ಪ್ರಸ್ತಾಪ ಬಂದಾಗ ಬೇಡವೆಂದರು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಅವರು ದೈವಾಧೀನರಾದರು. 1995ರ ಜನವರಿ 21ರಂದು ಎರಡನೇ ಜಾನ್ ಪೌಲ್ ಜಗದ್ಗುರುಗಳು ಕೊಲಂಬೊದಲ್ಲಿ ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಫ್ರಾನ್ಸಿಸ್ ಜಗದ್ಗುರುಗಳು ಅದೇ ನಗರದಲ್ಲಿ ಸಂತರೆಂದೂ ಘೋಷಿಸಿದರು. ಕ್ಯಾಂಡಿಯಲ್ಲಿ ಅವರನ್ನು ಹೂಳಿದ ಜಾಗ ಇಂದಿಗೂ ಪತ್ತೆಯಾಗಿಲ್ಲ. ಹಾಗಾಗಿ ಭಕ್ತರು ಅವರ ಸಮಾಧಿಗಲ್ಲ, ಸಾಂಕ್ವಾಳಕ್ಕೂ ಮುಡಿಪಿಗೂ ನಡೆಯುತ್ತಾರೆ.