ನಿಜವಾದ ಪೌರುಷ: ಜಾನ್ ನ್ಯೂಟನ್ ಅಯ್ಯನವರ ಜೀವಿತ

ಮೀಸೆ ತಿರುವುವುದೂ, ಜಗಳದಲ್ಲಿ ಸೋಲದಿರುವುದೂ, ಹೆಂಡತಿ ಮಕ್ಕಳು ತನ್ನ ದನಿಗೆ ನಡುಗುವುದೂ ಗಂಡಸುತನವೆಂದು ನಮ್ಮ ಹಳ್ಳಿಗಳಲ್ಲಿ ಅನೇಕರು ಎಣಿಸುತ್ತಾರೆ. ತಪ್ಪನ್ನು ಒಪ್ಪಿಕೊಳ್ಳುವವನನ್ನೂ ದೇವರ ಮುಂದೆ ಕಣ್ಣೀರಿಡುವವನನ್ನೂ ಹೇಡಿಯೆಂದು ಹಾಸ್ಯಮಾಡುತ್ತಾರೆ. ಸಭೆಗೆ ಸೇರಿದ ನಮ್ಮೊಳಗೂ ಈ ಎಣಿಕೆಯು ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. ಆದಕಾರಣ ಸಮುದ್ರದ ಮೇಲೆ ಬೆಳೆದ ಒಬ್ಬ ಗಟ್ಟಿಗನ ಜೀವಿತವನ್ನು ಇಲ್ಲಿ ಹೇಳುತ್ತೇವೆ.

ಜಾನ್ ನ್ಯೂಟನನು 1725ನೇ ಇಸವಿ ಜುಲೈ ತಿಂಗಳಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ಭಕ್ತಿವಂತಳಾದ ತಾಯಿಯು ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಸತ್ಯವೇದದ ಮಾತುಗಳನ್ನೂ ಕೀರ್ತನೆಗಳನ್ನೂ ಕಲಿಸಿದಳು. ಅವನಿಗೆ ಏಳು ವರುಷ ತುಂಬುವ ಮೊದಲೇ ಆಕೆಯು ಕ್ಷಯರೋಗದಿಂದ ತೀರಿಹೋದಳು. ಹಡಗಿನ ಯಜಮಾನನಾಗಿದ್ದ ತಂದೆಯು ನ್ಯಾಯವಂತನಾದರೂ ಮಗನನ್ನು ಹತ್ತಿರಕ್ಕೆ ಸೇರಿಸದೆ ಭಯದಲ್ಲೇ ಇಟ್ಟನು. ಹುಡುಗನು ಹನ್ನೊಂದನೆಯ ವಯಸ್ಸಿನಲ್ಲಿ ಆ ತಂದೆಯ ಸಂಗಡ ಹಡಗು ಹತ್ತಿದನು. ಅಲ್ಲಿ ಅವನು ಕಂಡ ಗಂಡಸುತನವೆಲ್ಲಾ ಚಾವಟಿ, ಕುಡಿತ, ಬೈಗುಳ ಇವುಗಳೇ.

1744ರಲ್ಲಿ ಅರಸನ ಯುದ್ಧನೌಕೆಯವರು ಅವನನ್ನು ಬಲಾತ್ಕಾರವಾಗಿ ಹಿಡಿದುಕೊಂಡು ಹೋದರು. ಅಲ್ಲಿಂದ ತಪ್ಪಿಸಿಕೊಂಡು ಓಡಿ, ಸಿಕ್ಕಿಬಿದ್ದು, ಎಲ್ಲರ ಮುಂದೆ ಕೊರಡೆಯ ಪೆಟ್ಟು ತಿಂದನು. ಆ ಅವಮಾನದಿಂದ ಅವನ ಮನಸ್ಸು ಕಲ್ಲಾಯಿತು. ದೇವರನ್ನು ದೂಷಿಸುವದರಲ್ಲಿ ಒರಟರಾದ ನಾವಿಕರನ್ನೂ ಮೀರಿಸಿದನು. ಆಮೇಲೆ ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಗುಲಾಮರ ವ್ಯಾಪಾರಿಯೊಬ್ಬನ ಬಳಿ ಸೇರಿ, ಜ್ವರದಲ್ಲಿ ಬಿದ್ದು, ಅನ್ನನೀರಿಲ್ಲದೆ ನರಳಿದನು. ಆ ದಿನಗಳಲ್ಲಿ ಸಂಕೋಲೆಯಲ್ಲಿದ್ದ ಗುಲಾಮರೇ ತಮ್ಮ ಅಲ್ಪ ಆಹಾರದಲ್ಲಿ ಗುಟ್ಟಾಗಿ ಅವನಿಗೆ ಪಾಲು ಕೊಟ್ಟರು. ಓದುಗರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಯಾಕಂದರೆ ನ್ಯೂಟನನು ಬಹುಕಾಲ ಇದನ್ನು ಮರೆತವನಂತೆ ನಡೆದನು.

1748ನೇ ಇಸವಿ ಮಾರ್ಚ್ ತಿಂಗಳಲ್ಲಿ ಅವನು ಗ್ರೇಹೌಂಡ್ ಎಂಬ ಹಡಗಿನಲ್ಲಿ ಊರಿಗೆ ತಿರುಗಿ ಬರುತ್ತಿದ್ದಾಗ ರಾತ್ರಿಯಲ್ಲಿ ಘೋರವಾದ ಬಿರುಗಾಳಿ ಎದ್ದಿತು. ಹಡಗಿನ ಮಗ್ಗುಲು ಒಡೆದು ನೀರು ನುಗ್ಗಿತು. ಅವನಿಗೆ ಬದಲಾಗಿ ಮೇಲಕ್ಕೆ ಹೋದ ಮನುಷ್ಯನನ್ನು ತೆರೆಗಳು ಆ ಕ್ಷಣವೇ ಎಳೆದುಕೊಂಡವು. ನ್ಯೂಟನನು ಬೆಳಗಿನ ಜಾವದಿಂದ ಮಧ್ಯಾಹ್ನದ ವರೆಗೆ ನೀರೆತ್ತುವ ಯಂತ್ರವನ್ನು ಒತ್ತಿದನು. ಬಳಿಕ ನಡುರಾತ್ರಿಯ ತನಕ ಚುಕ್ಕಾಣಿ ಹಿಡಿದು ನಿಂತನು. ತೋಳಿನ ಬಲವು ಮುಗಿದಾಗ, ತಾನು ಹಾಸ್ಯಮಾಡುತ್ತಿದ್ದ ದೇವರ ಕರುಣೆಯ ಹೆಸರು ಅವನ ಬಾಯಿಗೆ ತಾನೇ ಬಂತು. ಸುಮಾರು ನಾಲ್ಕು ವಾರಗಳ ಮೇಲೆ ಆ ಮುರುಕು ಹಡಗು ಐರ್ಲೆಂಡ್ ದೇಶದ ದಡ ಸೇರಿತು. ಆ ಬಿರುಗಾಳಿಯ ದಿನವನ್ನು ಅವನು ಬದುಕಿರುವ ತನಕ ಪ್ರತಿ ವರುಷವೂ ಆಚರಿಸಿದನು.

ಇಷ್ಟಕ್ಕೇ ಕಥೆಯನ್ನು ನಿಲ್ಲಿಸಿದರೆ ಕೇಳುವವರಿಗೆ ಸಂತೋಷವಾದೀತು. ಆದರೆ ಸತ್ಯವು ಅರ್ಧವಾಗುವದು. ದೂಷಣೆಯನ್ನು ಬಿಟ್ಟ ನ್ಯೂಟನನು ಗುಲಾಮರ ವ್ಯಾಪಾರವನ್ನು ಬಿಡಲಿಲ್ಲ. 1750ರಲ್ಲಿ ತಾನು ಬಹುಕಾಲದಿಂದ ಪ್ರೀತಿಸಿದ ಮೇರಿ ಎಂಬಾಕೆಯನ್ನು ಮದುವೆಯಾಗಿ, ಅದೇ ವರುಷ ಗುಲಾಮರ ಹಡಗಿನ ಯಜಮಾನನಾದನು. ಹೀಗೆ 1754ರ ವರೆಗೆ ಮೂರು ಪ್ರಯಾಣಗಳನ್ನು ಮಾಡಿದನು. ಹಡಗಿನ ಮೇಲ್ಗಡೆ ಕರ್ತನ ದಿನದಲ್ಲಿ ಪ್ರಾರ್ಥನೆ ನಡಿಸಿದನು; ಹೆಂಡತಿಗೆ ಪ್ರೀತಿಯ ಕಾಗದಗಳನ್ನು ಬರೆದನು. ಕೆಳಗಡೆಯಲ್ಲೋ ದೇವರ ಸ್ವರೂಪದಲ್ಲಿ ಉಂಟಾದ ಮನುಷ್ಯರು ಇಬ್ಬಿಬ್ಬರಾಗಿ ಬೇಡಿ ಹಾಕಲ್ಪಟ್ಟು, ಮಗ್ಗುಲು ತಿರುಗಲಿಕ್ಕೂ ಸ್ಥಳವಿಲ್ಲದೆ ಬಿದ್ದಿದ್ದರು. ಎದುರುಬಿದ್ದವರ ಹೆಬ್ಬೆರಳುಗಳನ್ನು ತಿರುಪಿನಲ್ಲಿ ಇಟ್ಟು ಹಿಸುಕಿಸಿದನು. ಮನುಷ್ಯನು ಒಂದು ಕೋಣೆಯಲ್ಲಿ ಕ್ರಿಸ್ತನಿಗೆ ಸ್ಥಳಕೊಟ್ಟು ಇನ್ನೊಂದರ ಬಾಗಿಲನ್ನು ಮುಚ್ಚಿಕೊಳ್ಳಬಲ್ಲನೆಂಬದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

1754ರಲ್ಲಿ ಫಕ್ಕನೆ ಬಂದ ಮೂರ್ಛೆಯ ನಿಮಿತ್ತ ಅವನು ಸಮುದ್ರವನ್ನು ಬಿಟ್ಟನು. ಲಿವರ್‌ಪೂಲ್ ಬಂದರಿನಲ್ಲಿ ಸುಂಕದ ಉದ್ಯೋಗ ಮಾಡುತ್ತಾ ಗ್ರೀಕ್ ಇಬ್ರಿಯ ಭಾಷೆಗಳನ್ನು ಅಭ್ಯಾಸಮಾಡಿ, 1764ರಲ್ಲಿ ಓಲ್ನಿ ಎಂಬ ಊರಿನ ಸಭಾಪಾಲಕನಾದನು. ಅಲ್ಲಿ ನ್ಯೂಟನ್ ಅಯ್ಯನವರು ಬಡ ಲೇಸ್ ಹೆಣೆಯುವವರ ಗುಡಿಸಲುಗಳಿಗೆ ಹೋಗಿ ಕೂರುವವರಾದರು. ಕವಿಯಾದ ವಿಲಿಯಂ ಕೌಪರನು ಅವರ ನೆರೆಯವನಾಗಿದ್ದನು. 1773ರಲ್ಲಿ ಕೌಪರನಿಗೆ ಬುದ್ಧಿಯ ಮೇಲೆ ಕತ್ತಲು ಕವಿದು, ದೇವರು ತನ್ನನ್ನು ತಳ್ಳಿಬಿಟ್ಟನೆಂಬ ಭ್ರಾಂತಿ ಹಿಡಿಯಿತು. ಪ್ರಾಣ ಕಳೆದುಕೊಳ್ಳಲಿಕ್ಕೂ ಪ್ರಯತ್ನಿಸಿದನು. ಅಯ್ಯನವರೂ ಮೇರಿ ಅಮ್ಮನವರೂ ಅವನನ್ನು ಒಂದು ವರುಷಕ್ಕಿಂತ ಹೆಚ್ಚುಕಾಲ ತಮ್ಮ ಮನೆಯಲ್ಲೇ ಇಟ್ಟುಕೊಂಡು ಕಾದರು. ಹಿಂದೆ ಬೇಡಿ ಹಾಕಿದ ಕೈಗಳೇ ಈಗ ರೋಗಿಯನ್ನು ಹಿಡಿದು ನಡಿಸಿದವು.

1780ರಲ್ಲಿ ಅವರು ಲಂಡನಿನ ಸಭೆಯೊಂದಕ್ಕೆ ಬಂದರು. 1785ರ ಕೊನೆಯಲ್ಲಿ ಪಾರ್ಲಿಮೆಂಟಿನ ಸದಸ್ಯನಾದ ವಿಲಿಯಂ ವಿಲ್ಬರ್ಫೋರ್ಸನು ಮನಸ್ಸಿನ ಕಳವಳದಿಂದ ಅವರ ಬಳಿಗೆ ಗುಟ್ಟಾಗಿ ಬಂದಾಗ, ರಾಜಕಾರ್ಯವನ್ನು ಬಿಡದೆ ಅಲ್ಲೇ ದೇವರನ್ನು ಸೇವಿಸಬೇಕೆಂದು ಬುದ್ಧಿಹೇಳಿದರು. ಕಡೆಗೆ 1788ರಲ್ಲಿ, ಸಮುದ್ರ ಬಿಟ್ಟು 34 ವರುಷಗಳಾದ ಮೇಲೆ, ಅವರು ಗುಲಾಮರ ವ್ಯಾಪಾರದ ವಿಷಯವಾಗಿ ಚಿಕ್ಕ ಪುಸ್ತಕವೊಂದನ್ನು ಅಚ್ಚುಹಾಕಿಸಿದರು. ತಾವು ಕಂಡದ್ದನ್ನೂ ಆ ಕ್ರೂರಕೆಲಸದಲ್ಲಿ ತಾವೇ ಕೈಯಿಟ್ಟದ್ದನ್ನೂ ಮರೆಮಾಚದೆ ಬರೆದು, ಇಷ್ಟು ತಡವಾದದ್ದಕ್ಕೆ ನಾಚಿಕೆಪಟ್ಟರು. ದೊಡ್ಡ ಅಧಿಕಾರಿಗಳ ಮುಂದೆಯೂ ನಿಂತು ಸಾಕ್ಷಿ ಹೇಳಿದರು. ಆಗ ಅವರು ಲಂಡನಿನಲ್ಲಿ ಗೌರವ ಹೊಂದಿದ ವೃದ್ಧ ಬೋಧಕರು. ಸುಮ್ಮನಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬಿರುಗಾಳಿಯಲ್ಲಿ ಚುಕ್ಕಾಣಿ ಹಿಡಿದದ್ದಕ್ಕಿಂತ ಇದಕ್ಕೇ ಹೆಚ್ಚು ಧೈರ್ಯ ಬೇಕಾಯಿತೆಂದು ನಾವು ಎಣಿಸುತ್ತೇವೆ.

1790ರಲ್ಲಿ ಮೇರಿ ಅಮ್ಮನವರು ಕರ್ತನಲ್ಲಿ ನಿದ್ರೆಹೋದರು. ಸ್ವಂತ ಮಕ್ಕಳಿಲ್ಲದ ಅಯ್ಯನವರಿಗೆ ಸಾಕುಮಗಳಾದ ಬೆಟ್ಸಿಯೇ ಆಸರೆ. 1801ರಲ್ಲಿ ಆಕೆಗೂ ಬುದ್ಧಿಯ ರೋಗ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ಕಣ್ಣು ಮಂಜಾಗಿದ್ದ ಆ ಮುದುಕನು ಅಲ್ಲಿಗೆ ನಡೆದುಹೋಗಿ, ಕಿಟಕಿಯ ಕಡೆಗೆ ಮುಖವೆತ್ತಿ, ಮಗಳು ಕೈವಸ್ತ್ರ ಬೀಸುತ್ತಾಳೋ ಎಂದು ಸಂಗಡಿಗನನ್ನು ಕೇಳಿ ತಿಳಿದು ಹಿಂತಿರುಗುತ್ತಿದ್ದರಂತೆ. ದೇವರ ದಯೆಯಿಂದ ಆಕೆಯು ಗುಣಹೊಂದಿ ಅವರನ್ನು ಕಡೆಯ ತನಕ ನೋಡಿಕೊಂಡಳು. 1807ನೇ ಇಸವಿ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ರಾಜ್ಯದಲ್ಲಿ ಗುಲಾಮರ ವ್ಯಾಪಾರವು ಕಾನೂನಿನಿಂದ ನಿಷೇಧವಾಯಿತು. ಅದನ್ನು ಕೇಳಿದ ಮೇಲೆ, ಅದೇ ಡಿಸೆಂಬರ್ 21ರಲ್ಲಿ, ಅಯ್ಯನವರು ಸಮಾಧಾನದಿಂದ ತೀರಿಹೋದರು.

ಸಹೋದರರೇ, ಕ್ರಿಸ್ತನು ಈ ಮನುಷ್ಯನ ಬಲವನ್ನು ತೆಗೆದುಬಿಡಲಿಲ್ಲ; ಅದರ ದಾರಿಯನ್ನು ತಿರುಗಿಸಿದನು. ಆದರೂ ಆ ತಿರುಗುವಿಕೆಯು ಒಂದೇ ರಾತ್ರಿಯಲ್ಲಿ ಮುಗಿಯಲಿಲ್ಲ. ನಾವೂ ದೀಕ್ಷಾಸ್ನಾನ ಹೊಂದಿ, ಭಾನುವಾರ ಕೀರ್ತನೆ ಹಾಡಿ, ಸೋಮವಾರ ಹೆಂಡತಿಯ ಮೇಲೆ ಕೈಯೆತ್ತುವುದಾದರೆ, ಕೂಲಿಯವನ ಹಣ ಹಿಡಿದಿಡುವುದಾದರೆ, ಹೆಂಡದಂಗಡಿಯಲ್ಲಿ ಮಕ್ಕಳ ಊಟವನ್ನು ಕಳೆಯುವುದಾದರೆ, ನಮ್ಮ ಹಡಗಿನ ಕೆಳಗಡೆಯಲ್ಲಿಯೂ ಬೇಡಿಯ ಸಪ್ಪಳವುಂಟು. ಅದನ್ನು ಕೇಳಿಸಿಕೊಳ್ಳುವುದಕ್ಕೆ 34 ವರುಷ ಕಾಯಬೇಡಿರಿ. ಈ ಸಂಜೆಯೇ ಮನೆಗೆ ಹೋಗಿ, ಯಾರಿಗೆ ಅನ್ಯಾಯಮಾಡಿದಿರೋ ಅವರ ಮುಂದೆ ತಪ್ಪನ್ನು ಒಪ್ಪಿಕೊಳ್ಳಿರಿ. ನಗುವವರು ನಗಲಿ, ಗಂಡಸಾಗುವುದು ಅಲ್ಲಿಂದಲೇ ಪ್ರಾರಂಭ.