ಯಿಟ್ಸಾಕ್ ರಬೀನರ ಸಂಧಿಯತ್ನ

ಇಸ್ರೇಲಿಗೂ ಪ್ಯಾಲೆಸ್ಟೈನಿನ ಅರಬರಿಗೂ ಸಂಧಿಯು ಸಾಧ್ಯವೇ ಎಂದು ಕೇಳುವವರು ಯಿಟ್ಸಾಕ್ ರಬೀನರ ಚರಿತ್ರೆಯನ್ನು ಅವಶ್ಯವಾಗಿ ಅರಿಯಬೇಕು. 1922ನೆಯ ಇಸವಿಯಲ್ಲಿ ಜೆರೂಸಲೇಮಿನಲ್ಲಿ ಜನಿಸಿದ ಇವರು ಶಾಂತಿದೂತರಾಗಿ ಬೆಳೆದವರಲ್ಲ. 1948ರ ಯುದ್ಧದಲ್ಲಿ ಲಿದ್ದಾ ಪಟ್ಟಣದ ಅರಬರನ್ನು ಹೊರದೂಡುವ ಆಜ್ಞೆಗೆ ರುಜು ಹಾಕಿದವರು ಇವರೇ. 1967ರ ಯುದ್ಧದಲ್ಲಿ ಪಶ್ಚಿಮದಂಡೆಯೂ ಗಾಜಾ ಪ್ರಾಂತವೂ ಇಸ್ರೇಲಿನ ವಶವಾದಾಗ ಮುಖ್ಯ ಸೇನಾಧಿಪತಿಗಳಾಗಿದ್ದವರೂ ಇವರೇ. 1987ರಲ್ಲಿ ಆ ಪ್ರಾಂತಗಳ ಜನರು ದಂಗೆಯೆದ್ದಾಗ ರಕ್ಷಣಾಮಂತ್ರಿಗಳಾಗಿದ್ದ ರಬೀನರು ಅದನ್ನು ನಿರ್ದಾಕ್ಷಿಣ್ಯವಾಗಿ ದಮನಮಾಡಲೆಳಸಿದರು. ದಂಗೆಯು ವರ್ಷಗಟ್ಟಲೆ ಅಡಗಲಿಲ್ಲ. ಒಂದು ಜನಾಂಗವನ್ನು ಕೇವಲ ದಂಡಬಲದಿಂದ ಆಳಲಾಗದೆಂಬ ವಿವೇಕವು ಇವರಲ್ಲಿ ಮೂಡಿದುದು ಆಗಲೇ.

1992ರಲ್ಲಿ ಎರಡನೆಯ ಸಲ ಪ್ರಧಾನಮಂತ್ರಿಗಳಾದ ರಬೀನರು, ಮರುವರ್ಷ ಸೆಪ್ಟೆಂಬರು 13ರಂದು ವಾಷಿಂಗ್ಟನ್ನಿನಲ್ಲಿ ಯಾಸರ್ ಅರಾಫತರ ಕೈಹಿಡಿದರು. ಅರಾಫತರ ಸಂಸ್ಥೆಯು ಇಸ್ರೇಲ್ ರಾಜ್ಯವನ್ನು ಅಂಗೀಕರಿಸಿತು. ಇಸ್ರೇಲು ಆ ಸಂಸ್ಥೆಯನ್ನು ಪ್ಯಾಲೆಸ್ಟೈನಿಯರ ಪ್ರತಿನಿಧಿಯೆಂದು ಮಾತ್ರ ಒಪ್ಪಿತು. ಗಡಿ, ಜೆರೂಸಲೇಮು, ನಿರಾಶ್ರಿತರು, ಯೆಹೂದ್ಯರ ಹೊಸ ವಸತಿಗಳು—ಈ ಮುಖ್ಯ ವಿವಾದಗಳೆಲ್ಲವೂ ಮುಂದಕ್ಕೆ ತಳ್ಳಲ್ಪಟ್ಟವು.

ಈ ಕಾಲಹರಣವು ಸಂಧಿಯ ವೈರಿಗಳಿಗೆ ವರವಾಯಿತು. 1994ರಲ್ಲಿ ಹೆಬ್ರಾನಿನ ಮಸೀದಿಯಲ್ಲಿ ಪ್ರಾರ್ಥನೆಮಾಡುತ್ತಿದ್ದ 29 ಮಂದಿಯನ್ನು ಯೆಹೂದ್ಯನೊಬ್ಬನು ಕೊಂದನು. ಹಮಾಸಿನವರು ಇಸ್ರೇಲಿನ ಊರುಗಳಲ್ಲಿ ಬಾಂಬುಗಳಿಂದ ಜನರನ್ನು ಕೊಂದರು. ವಸತಿಗಳು ಬೆಳೆಯುತ್ತಲೇ ಹೋದುವು. 1995ರ ಎರಡನೆಯ ಒಡಂಬಡಿಕೆಯು ಇಸ್ರೇಲಿನ ಶಾಸನಸಭೆಯಲ್ಲಿ 61ಕ್ಕೆ 59 ಮತಗಳಿಂದ ಪ್ರಯಾಸದಿಂದ ಪಾರಾಯಿತು. ಆ ವರ್ಷದ ನವೆಂಬರು 4ರಂದು ಟೆಲ್ ಅವೀವಿನ ಶಾಂತಿಸಭೆಯಿಂದ ಹೊರಟ ರಬೀನರನ್ನು ಗುಂಡಿಕ್ಕಿ ಕೊಂದವನು ಅರಬನಲ್ಲ, ಸ್ವಜನಾಂಗದ ತರುಣನೇ.

ರಬೀನರು ಬದುಕಿದ್ದರೆ ಶಾಂತಿಯು ಸಿದ್ಧಿಸುತ್ತಿತ್ತೆಂದು ನಾವು ಹೇಳಲಾರೆವು. ಪ್ಯಾಲೆಸ್ಟೈನಿಗೆ ಪೂರ್ಣ ರಾಜ್ಯತ್ವವನ್ನು ಅವರೂ ಬಹಿರಂಗವಾಗಿ ಒಪ್ಪಿರಲಿಲ್ಲ. 2000ದಲ್ಲಿ ಕ್ಯಾಂಪ್ ಡೇವಿಡ್ಡಿನ ಸಂಧಾನವು ಮುರಿಯಿತು. 2023ರ ಅಕ್ಟೋಬರು 7ರಂದು ಹಮಾಸಿನವರು ನಡೆಸಿದ ಹತ್ಯೆಯನ್ನೂ ಅನಂತರ ಗಾಜಾದಲ್ಲಿ ಸಹಸ್ರಾರು ಮಂದಿ ಮಡಿದುದನ್ನೂ ಲೋಕವು ಕಂಡಿದೆ. ಇಷ್ಟಾದರೂ ಈ ಚರಿತ್ರೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಕತ್ತಿಹಿಡಿದ ಕೈಯೂ ಸಂಧಿಗೆ ಚಾಚಬಲ್ಲುದು. ಆದರೆ ಕಠಿನವಾದುದನ್ನು ಕಡೆಗಿಟ್ಟ ಸಂಧಿಯು ಬುನಾದಿಯಿಲ್ಲದ ಮನೆ. ಇನ್ನು ಮುಂದೆ ಸಂಧಾನಕ್ಕೆ ಕೂಡುವವರು ಗಡಿಯ ಮತ್ತು ರಾಜ್ಯತ್ವದ ಪ್ರಶ್ನೆಯನ್ನು ಮೊದಲ ದಿನವೇ ಎತ್ತಬೇಕು. ಎದುರಾಳಿಯನ್ನು ಒಲಿಸುವುದಕ್ಕಿಂತ ಮೊದಲು ಸ್ವಜನರನ್ನು ಒಪ್ಪಿಸುವ ಧೈರ್ಯವನ್ನು ತಾಳಬೇಕು. ಇದೇ ರಬೀನರ ಪ್ರಾಣವು ತೆತ್ತ ಪಾಠವೆಂದು ನಾವು ಭಾವಿಸುತ್ತೇವೆ.